ಹಳೆ ಗಾಡಿಯ ಬೇರಿಂಗ್: ಕಿವಿ ನಂಬುವುದೆಷ್ಟು, ಕೈ ನಂಬುವುದೆಷ್ಟು

‘ಬೇರಿಂಗ್ ಹೋಗೈತೆ ಕಣಣ್ಣ, ಇಂಜಿನ್ ಇಳಿಸ್ಬೇಕು.’ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಕೇಳಿದ ಕೂಡಲೇ ಗಾಡಿಯ ಯಜಮಾನ ದುಡ್ಡಿನ ಲೆಕ್ಕಕ್ಕೆ ಬೀಳುತ್ತಾನೆ. ಎಷ್ಟಾಗುತ್ತೆ, ಯಾವತ್ತು ಕೊಡ್ತೀಯ ಎನ್ನುತ್ತಾನೆ. ಯಾವ ಬೇರಿಂಗ್, ಯಾಕೆ ಹೋಯಿತು ಎಂದು ಕೇಳುವವರು ಅಪರೂಪ. ಇಡೀ ವಿಷಯ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ. ಮೊದಲನೆಯದಕ್ಕೆ ಉತ್ತರ ಸಿಗುವ ತನಕ ಇಂಜಿನ್ ಬಿಚ್ಚಬಾರದು. ಎರಡನೆಯದಕ್ಕೆ ಸಿಗುವ ತನಕ ಮುಚ್ಚಬಾರದು.

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಿನಲ್ಲಿ ಓಡುವ ಹಳೆ ಗಾಡಿಗಳೆಂದರೆ ಇಂಜಿನ್‌ಗಳದೇ ಒಂದು ಚರಿತ್ರೆ. ಅವುಗಳಲ್ಲಿ ಮೊದಲು ಹೇಳಬೇಕಾದ್ದು ನಮ್ಮದೇ ಮೈಸೂರಿನ ಮಾಲು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ, 1970ರ ದಶಕದಿಂದ ಎಜ್ಡಿ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಅದರ ಜೊತೆಗೆ ಬೀಡು ಕಬ್ಬಿಣದ ಇಂಜಿನ್ನಿನ ಬುಲೆಟ್, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಅದೇ ವರ್ಷದ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್, ಇನ್ನು ಹುಲ್ಲಿನ ಹೊರೆ ಹೊತ್ತು ಹೊಲದ ಬದುವಿನ ಮೇಲೆ ಓಡುವ ಟಿವಿಎಸ್. ಇದೇ ತಾಲ್ಲೂಕಿನ ಕಾವಲಿನಲ್ಲಿ ಈಗ ಡಿಆರ್‌ಡಿಓದ ವಿಮಾನ ಪರೀಕ್ಷಾ ವಲಯವಿದೆ, 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಹಾರಿಸಿ ನೋಡಿದ ಪೈಲಟ್ ಇಲ್ಲದ ವಿಮಾನದ ಹೆಸರೂ ರುಸ್ತುಂ! ಅದು ಬೇರೊಬ್ಬ ರುಸ್ತುಂ, ಎನ್‌ಎಎಲ್‌ನ ಪ್ರೊಫೆಸರ್ ದಮಾನಿಯಾ ಅವರ ನೆನಪಿಗೆ ಇಟ್ಟದ್ದು. ಆ ರುಸ್ತುಂ ಮೇಲೆ ಹಾರುವಾಗ ಈ ರುಸ್ತುಂ ಕಟ್ಟಿಸಿದ ಎಜ್ಡಿ ಕೆಳಗೆ ಗುರುಗುಟ್ಟಿಕೊಂಡು ಓಡುತ್ತಿತ್ತು ಎಂದರೆ ನಂಬಬಹುದು.

ಬೇರಿಂಗ್ ಎಂದು ನಾವು ಒಂದೇ ಉಸಿರಿಗೆ ಹೇಳುವುದು ಹತ್ತಾರು ಕಡೆ ಇರುವ ಸಾಮಾನು. ಕ್ರ್ಯಾಂಕಿನ ಎರಡು ತುದಿಗಳನ್ನು ಹೊತ್ತಿರುವವು ಮೇನ್ ಬೇರಿಂಗ್. ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ ಕ್ರ್ಯಾಂಕ್ ಪಿನ್ನನ್ನು ಸುತ್ತುವುದು ಬಿಗ್ ಎಂಡ್, ಗ್ಯಾರೇಜಿನ ಬಾಯಲ್ಲಿ ಬರೀ ‘ಕನೆಕ್ಟಿಂಗ್’. ಮೇಲ್ತುದಿಯಲ್ಲಿ ಪಿಸ್ಟನ್ ಪಿನ್ ಕೂರುವ ಜಾಗ ಸ್ಮಾಲ್ ಎಂಡ್. ಗೇರ್ ಬಾಕ್ಸಿನ ಶಾಫ್ಟುಗಳಿಗೆ ಬೇರೆ, ಚಕ್ರಗಳಿಗೆ ಬೇರೆ. ಮೇನ್ ಹೋದರೆ, ಕನೆಕ್ಟಿಂಗ್ ಹೋದರೆ ‘ಫುಲ್ ಇಂಜಿನ್’ ಕೆಲಸ. ಸ್ಮಾಲ್ ಎಂಡ್ ಆದರೆ ಹೆಡ್ಡು, ಬ್ಲಾಕು ಎತ್ತಿದರೆ ಸಾಕು, ‘ಹಾಫ್ ಇಂಜಿನ್’. ಚಕ್ರದ್ದಾದರೆ ಅರ್ಧ ಗಂಟೆಯ ಕೆಲಸ. ತೀರ್ಪು ತಪ್ಪಿದರೆ ಜೇಬಿಗೆ ಬೀಳುವ ಪೆಟ್ಟು ಎಷ್ಟೆಂಬುದು ಇದರಲ್ಲೇ ಗೊತ್ತಾಗುತ್ತದೆ.

ರೋಗ ಹಿಡಿಯಲು ಎಲ್ಲರೂ ಮೊದಲು ನೆಚ್ಚುವುದು ಕಿವಿಯನ್ನು. ಅನುಭವಸ್ಥ ಮೆಕ್ಯಾನಿಕ್ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಕ್ರ್ಯಾಂಕ್ ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ ಕೇಳುತ್ತಾನೆ. ಮೇನ್ ಬೇರಿಂಗ್ ಸವೆದಿದ್ದರೆ ಬರುವುದು ಬಡಿತವಲ್ಲ, ದಪ್ಪ ದನಿಯ ಗುರುಗುರು. ಆಕ್ಸಲರೇಟರ್ ಏರಿದಂತೆ ಅದೂ ಏರುತ್ತದೆ, ಕಿವಿಗಿಂತ ಮೊದಲು ಫುಟ್ ರೆಸ್ಟ್ ಮೇಲಿನ ಕಾಲಿಗೆ ತಿಳಿಯುತ್ತದೆ. ಕನೆಕ್ಟಿಂಗ್ ಹೋದದ್ದು ಟಕ್ ಟಕ್ ಎಂಬ ಗಟ್ಟಿ ಹೊಡೆತ. ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಲರೇಟರ್ ಸ್ವಲ್ಪ ಬಿಟ್ಟು ಮತ್ತೆ ಕೊಟ್ಟಾಗ ಎದ್ದು ಕೇಳುತ್ತದೆ. ಸ್ಮಾಲ್ ಎಂಡಿನದು ತೆಳು ದನಿ, ಐಡ್ಲಿಂಗಿನಲ್ಲಿ ಕಿಣಿಕಿಣಿ. ಪಿಸ್ಟನ್ ಸಡಿಲವಾಗಿದ್ದರೆ ಬೆಳಿಗ್ಗೆ ಮೊದಲ ಕಿಕ್ಕಿಗೆ ಜೋರಾಗಿ ಬಡಿದು, ಇಂಜಿನ್ ಕಾದ ಮೇಲೆ ತಗ್ಗುತ್ತದೆ. ಕಾದಷ್ಟೂ ಸದ್ದು ಹೆಚ್ಚಾದರೆ ಅನುಮಾನ ಬೇರಿಂಗ್ ಕಡೆಗೆ ತಿರುಗಬೇಕು, ಏಕೆಂದರೆ ಬಿಸಿಗೆ ಆಯಿಲ್ ತೆಳ್ಳಗಾಗಿ ಸಂದಿಯನ್ನು ತುಂಬಲಾರದೆ ಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ ಕಿವಿಯ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಅಲ್ಯೂಮಿನಿಯಂ ಕೇಸು ಸದ್ದನ್ನು ಎಲ್ಲ ಕಡೆ ಹರಡಿಬಿಡುತ್ತದೆ; ಜೋರಾಗಿ ಕೇಳುವ ಜಾಗವೇ ರೋಗದ ಜಾಗವಾಗಿರಬೇಕಿಲ್ಲ. ಜೊತೆಗೆ ಬೇರಿಂಗ್‌ನ ದನಿಯನ್ನೇ ಅಣಕಿಸುವ ಕಳ್ಳರು ಹೊರಗೇ ಕೂತಿರುತ್ತಾರೆ. ಇಂಜಿನ್ ಮೌಂಟಿಂಗ್ ಬೋಲ್ಟ್ ಸಡಿಲಾಗಿದ್ದರೆ ಇಡೀ ಚಾಸಿ ಗುಂಯ್‌ಗುಡುತ್ತದೆ. ಎಜ್ಡಿಯ ಹಿಂದಿನ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ ಓಡುತ್ತದೆ. ಜೋತುಬಿದ್ದು ತಗಡಿಗೆ ಬಡಿಯತೊಡಗಿದರೆ ಕನೆಕ್ಟಿಂಗ್ ಹೋಯಿತೆಂದು ಎದೆ ಒಡೆಯುವಷ್ಟು ಸದ್ದು. ಸೈಲೆನ್ಸರಿನ ಒಳಗಿನ ಕೊಳವೆ ಕಳಚಿದ್ದು, ಹೀರೋ ಹೋಂಡಾದ ಟೈಮಿಂಗ್ ಚೈನ್ ಸಡಿಲಾದದ್ದು, ಬುಲೆಟ್ಟಿನ ಟ್ಯಾಪೆಟ್, ಎಲ್ಲಕ್ಕೂ ಒಂದೊಂದು ದನಿ.

ಆದ್ದರಿಂದ ಹೊರಗಿನದನ್ನು ಒಂದೊಂದಾಗಿ ಕಳೆಯುತ್ತಾ ಒಳಗೆ ಹೋಗುವುದೇ ದಾರಿ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಗಾಡಿಯನ್ನು ಉರುಳಲು ಬಿಡಿ. ಸದ್ದು ಹಾಗೇ ಇದ್ದರೆ ಇಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಚಕ್ರ ಅಥವಾ ಚೈನ್ ನೋಡಿಕೊಳ್ಳಿ. ಮುಂದಿನ ಪರೀಕ್ಷೆ ನಿಂತಲ್ಲೇ: ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಬಿಟ್ಟು ಕ್ಲಚ್ ಲಿವರ್ ಹಿಡಿಯಿರಿ. ಸದ್ದು ನಿಂತರೆ ಅಥವಾ ಬದಲಾದರೆ ಅದು ಕ್ಲಚ್ ಹೌಸಿಂಗಿನದು ಇಲ್ಲವೇ ಗೇರ್ ಬಾಕ್ಸಿನ ಶಾಫ್ಟಿನದು. ನಿಲ್ಲದೇ ಇದ್ದರೆ ಕ್ರ್ಯಾಂಕಿನ ಕಡೆಯದು. ಯಾವುದೋ ಒಂದು ಗೇರಿನಲ್ಲಿ ಮಾತ್ರ ಬರುವ ಕೂಗು ಗೇರ್ ಬಾಕ್ಸಿನದೇ. ಬಿಡಿಕಾಸಿನ ಖರ್ಚಿಲ್ಲದ ಈ ಎರಡು ಪರೀಕ್ಷೆ ಮಾಡದೆ ಸ್ಪ್ಯಾನರ್ ಎತ್ತುವವನ ಕೈಗೆ ಗಾಡಿ ಕೊಡಬಾರದು.

ಕಿವಿಗಿಂತ ಕೈ ಸತ್ಯ ಹೇಳುತ್ತದೆ. ಎಜ್ಡಿಯ ಬಲಗಡೆಯ ಕವರ್ ಬಿಚ್ಚಿದರೆ ಕ್ರ್ಯಾಂಕಿನ ತುದಿಯಲ್ಲೇ ಡೈನಮೊದ ಆರ್ಮೇಚರ್ ಕೂತಿರುತ್ತದೆ. ಅದನ್ನು ಗಟ್ಟಿಯಾಗಿ ಹಿಡಿದು ಮೇಲೆ ಕೆಳಗೆ ಆಡಿಸಿ. ಬೆರಳಿಗೆ ತಿಳಿಯುವಷ್ಟು ಆಟ ಇದ್ದರೆ ಮೇನ್ ಬೇರಿಂಗ್ ಮುಗಿದಿದೆ ಎಂದೇ ಅರ್ಥ. ಆರ್ಮೇಚರ್ ಪಕ್ಕದ ಪೋಲ್‌ಗಳಿಗೆ ಉಜ್ಜಿ ಹೊಳಪು ಗೆರೆ ಬಿದ್ದಿದ್ದರೆ ಬೇರೆ ಸಾಕ್ಷಿಯೇ ಬೇಡ. ಅಲ್ಲೇ ಇರುವ ಕಾಂಟ್ಯಾಕ್ಟ್ ಪಾಯಿಂಟ್ ಇನ್ನೂ ಸೂಕ್ಷ್ಮ ಸಾಕ್ಷಿ. ಫೀಲರ್ ಗೇಜ್ ಹಾಕಿ ಪಾಯಿಂಟಿನ ಸಂದಿ ಅಳೆದು, ಕ್ರ್ಯಾಂಕನ್ನು ಕೈಯಿಂದ ಮೇಲಕ್ಕೆತ್ತಿ ಮತ್ತೆ ಅಳೆಯಿರಿ. ಅಳತೆ ಬದಲಾದರೆ ಕ್ರ್ಯಾಂಕ್ ತನ್ನ ಜಾಗದಲ್ಲಿ ನಿಲ್ಲುತ್ತಿಲ್ಲ. ಎಷ್ಟು ಸಲ ಟೈಮಿಂಗ್ ಕೂರಿಸಿದರೂ ವಾರಕ್ಕೆ ಕೆಡುವ ಗಾಡಿಗಳ ಗುಟ್ಟು ಹೆಚ್ಚಾಗಿ ಇದೇ. ಪಾಯಿಂಟು, ಕಂಡೆನ್ಸರು, ಕಾಯಿಲು ಎಂದು ಒಂದೊಂದೇ ಬದಲಾಯಿಸುತ್ತಾ ಹೋಗುವವರಿಗೆ ಇದು ಹೊಳೆಯುವುದೇ ಇಲ್ಲ.

ಕನೆಕ್ಟಿಂಗ್ ನೋಡಲು ಬ್ಲಾಕ್ ಎತ್ತಬೇಕು. ರಾಡನ್ನು ಪಕ್ಕಕ್ಕೆ ಅಲುಗಿಸಿ ‘ನೋಡಣ್ಣ ಹೆಂಗೆ ಆಡ್ತೈತೆ’ ಎಂದು ತೋರಿಸುವ ಚಾಳಿ ಉಂಟು. ಪಕ್ಕಕ್ಕೆ ಆಡುವುದು ತಪ್ಪಲ್ಲ, ಆಡಲೆಂದೇ ಅಲ್ಲಿ ಜಾಗ ಬಿಟ್ಟಿರುತ್ತಾರೆ. ಕ್ರ್ಯಾಂಕ್ ತಿರುಗದಂತೆ ಹಿಡಿದು ರಾಡನ್ನು ನೇರ ಮೇಲಕ್ಕೆಳೆದು ಕೆಳಕ್ಕೆ ಒತ್ತಿದಾಗ ‘ಟಿಕ್’ ಎಂದರೆ ಮಾತ್ರ ಅದು ಹೋಗಿದೆ.

ಟೂ ಸ್ಟ್ರೋಕ್ ಇಂಜಿನ್ನಿಗೆ ಇನ್ನೊಂದು ಸಾಕ್ಷಿ ಹೊಗೆ. ಮೇನ್ ಬೇರಿಂಗಿನ ಪಕ್ಕದಲ್ಲೇ ಆಯಿಲ್ ಸೀಲ್ ಇರುತ್ತದೆ. ಕ್ರ್ಯಾಂಕ್ ಆಡತೊಡಗಿದರೆ ಸೀಲಿನ ತುಟಿ ಸವೆಯುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲ್ಲನ್ನು ಕುಡಿದು ದಟ್ಟ ಬಿಳಿ ಹೊಗೆ ಉಗುಳುತ್ತದೆ, ಗೇರ್ ಬಾಕ್ಸ್ ಖಾಲಿಯಾಗುತ್ತಾ ಬರುತ್ತದೆ. ಇನ್ನೊಂದು ಕಡೆಯದು ಹೋದರೆ ಹೊರಗಿನ ಗಾಳಿ ಎಳೆದುಕೊಂಡು ಐಡ್ಲಿಂಗ್ ನಿಲ್ಲುವುದಿಲ್ಲ, ಆಕ್ಸಲರೇಟರ್ ಬಿಟ್ಟರೂ ಇಂಜಿನ್ ರೇಸ್ ಆಗುತ್ತದೆ. ಬರೀ ಸೀಲ್ ಬದಲಾಯಿಸಿ ಕಳಿಸಿದ ಗಾಡಿ ಎರಡೇ ತಿಂಗಳಲ್ಲಿ ಅದೇ ಹೊಗೆಯೊಂದಿಗೆ ವಾಪಸ್ ಬಂದರೆ, ರೋಗ ಸೀಲಿನದಾಗಿರಲಿಲ್ಲ. ಫೋರ್ ಸ್ಟ್ರೋಕಿನಲ್ಲಿ ಸಾಕ್ಷಿ ಆಯಿಲ್ಲಿನಲ್ಲಿದೆ. ಬಿಸಿ ಇರುವಾಗಲೇ ಇಳಿಸಿ ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಮ್ಯಾಗ್ನೆಟ್ಟಿಗೆ ಅಂಟಿದರೆ ಉಕ್ಕು, ಅಂದರೆ ಬೇರಿಂಗೋ ಗೇರೋ. ಅಂಟದ ಬೆಳ್ಳಿ ಬಣ್ಣದ್ದಾದರೆ ಪಿಸ್ಟನ್ನಿನ ಅಲ್ಯೂಮಿನಿಯಂ.

ಉಪಕರಣಗಳ ಮಾತು ಬೇಗ ಮುಗಿಸಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಬೇರಿಂಗಿನ ನಡುಕ ಅಳೆದು ರೋಗ ಹೇಳುತ್ತಾರೆ. 6305 ನಂಬರಿನ ಬೇರಿಂಗಿನಲ್ಲಿ 7 ಗುಂಡುಗಳಿವೆ ಎಂದಿಟ್ಟುಕೊಳ್ಳಿ. ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಹೊರ ರಿಂಗಿನಲ್ಲಿ ಒಂದು ಗುಳಿ ಬಿದ್ದಿದ್ದರೆ ಗುಂಡುಗಳು ಅದನ್ನು ಸೆಕೆಂಡಿಗೆ ಸುಮಾರು 140 ಸಲ ತುಳಿಯುತ್ತವೆ, ಒಳ ರಿಂಗಿನಲ್ಲಾದರೆ ಸುಮಾರು 210 ಸಲ. ಎಲೆಕ್ಟ್ರಿಕ್ ಮೋಟಾರಿನಲ್ಲಿ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಪಕ್ಕದಲ್ಲೇ ಸೆಕೆಂಡಿಗೆ 50 ಸಲ ಸಿಡಿಯುವ ಟೂ ಸ್ಟ್ರೋಕ್ ಸಿಲಿಂಡರ್ ಇರುವಾಗ ಮೊಬೈಲ್ ಆ್ಯಪ್ ಹಿಡಿದು ಈ ದನಿ ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಕೇಳಿದಂತೆ. ಹಳೆ ಗಾಡಿಗೆ ಕೈಯೇ ಮೇಲು.

ಇನ್ನು ಯಾಕೆ ಹೋಗುತ್ತದೆ ಎಂಬ ಪ್ರಶ್ನೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಬಟ್ಟೆ ಗಿರಣಿಯಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರ್ ಇದ್ದ. ಜೇಡಿಮಣ್ಣಿನ ನೆಲ ಕುಸಿದಂತೆ ಗಿರಣಿಯ ಶಾಫ್ಟ್‌ಗಳು ಸೊಟ್ಟಗಾಗಿ ಬೇರಿಂಗ್‌ಗಳು ಮೇಲಿಂದ ಮೇಲೆ ಹೋಗುತ್ತಿದ್ದವು. ಹೊಸದು ಹಾಕುತ್ತಾ ಕೂರದೆ ಆತ ಕಾರಣ ಹುಡುಕಿದ. ಶಾಫ್ಟ್ ವಾಲಿದರೂ ತಾನೇ ಹೊಂದಿಕೊಳ್ಳುವ ಬಾಲ್ ಬೇರಿಂಗ್ ರೂಪಿಸಿದ. 1907ರಲ್ಲಿ ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಹಾಗೆ. ಅದೇ ಕಂಪನಿಯ ಪಾಮ್‌ಗ್ರೆನ್ ಅವರು ಲುಂಡ್‌ಬರ್ಗ್ ಜೊತೆ ಸೇರಿ 1947ರಲ್ಲಿ ಬೇರಿಂಗಿನ ಆಯುಷ್ಯಕ್ಕೆ ಒಂದು ಲೆಕ್ಕ ಕೊಟ್ಟರು: ಬಾಲ್ ಬೇರಿಂಗಿನ ಮೇಲಿನ ಭಾರ ಎರಡು ಪಟ್ಟಾದರೆ ಆಯುಷ್ಯ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಶೇಂಗಾ ಮೂಟೆ ಹೇರಿ ಮೂವರು ಕೂತು ಹೋಗುವ ಗಾಡಿಯಲ್ಲಿ ಈ ಲೆಕ್ಕ ನೇರವಾಗಿ ತಟ್ಟುವುದು ಚಕ್ರದ ಬೇರಿಂಗಿಗೆ. ಇಂಜಿನ್ನಿನೊಳಗೆ ತಟ್ಟುವುದು ಆ ಭಾರ ಹೊತ್ತು ಟಾಪ್ ಗೇರಿನಲ್ಲೇ ಕುಂಟುತ್ತಾ ಎಳೆಸಿದಾಗ. ಗೇರ್ ಇಳಿಸದ ಸೋಮಾರಿತನಕ್ಕೆ ಬಿಗ್ ಎಂಡ್ ದಂಡ ಕಟ್ಟುತ್ತದೆ.

ಆದರೆ ಈ ಲೆಕ್ಕದ ಪ್ರಕಾರ ದಣಿದು, ವಯಸ್ಸಾಗಿ ಸಾಯುವ ಬೇರಿಂಗ್ ನಮ್ಮ ಕಡೆ ಕಡಿಮೆ. ಹೆಚ್ಚಿನವು ಕೊಲೆ. ಮೊದಲ ಆರೋಪಿ ಧೂಳು. ವರ್ಷಕ್ಕೆ 500 ಮಿ.ಮೀ. ಮಳೆ ಮುಟ್ಟುವುದೇ ಕಷ್ಟವಾದ ಸೀಮೆ ಇದು. ಶೇಂಗಾ ಒಕ್ಕಣೆಯ ಕಾಲದಲ್ಲಂತೂ ಗಾಳಿಯೆಲ್ಲ ಹೊಟ್ಟು, ಮಣ್ಣು. ಫೋರ್ ಸ್ಟ್ರೋಕ್ ಇಂಜಿನ್ ಎಳೆದ ಗಾಳಿ ನೇರ ಸಿಲಿಂಡರಿಗೆ ಹೋಗುತ್ತದೆ. ಟೂ ಸ್ಟ್ರೋಕಿನದು ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಮೇನ್ ಬೇರಿಂಗ್, ಬಿಗ್ ಎಂಡ್ ಎಲ್ಲವನ್ನೂ ಸವರಿಕೊಂಡು ಆಮೇಲೆ ಮೇಲೇರುತ್ತದೆ. ‘ಪಿಕಪ್ ಬರ್ಲಿ’ ಎಂದು ಏರ್ ಫಿಲ್ಟರ್ ಕಿತ್ತು ಬಿಸಾಡಿದ ಆರ್‌ಎಕ್ಸ್ ಅಥವಾ ಎಜ್ಡಿ ಈ ನಾಡಿನಲ್ಲಿ ಪ್ರತಿ ಕಿಲೋಮೀಟರಿಗೂ ತನ್ನ ಬೇರಿಂಗನ್ನು ಮರಳಿನಿಂದ ತಿಕ್ಕಿಕೊಳ್ಳುತ್ತದೆ.

ಎರಡನೆಯದು ಆಯಿಲ್. ಎಜ್ಡಿಗೆ ಪೆಟ್ರೋಲಿನ ಜೊತೆ ಬೆರೆತ ಟೂಟಿ ಆಯಿಲ್ಲೇ ಆಧಾರ. 1:25 ಅಂದರೆ ಲೀಟರಿಗೆ 40 ಮಿ.ಲೀ. ಹೊಗೆ ಜಾಸ್ತಿ ಎಂದು ಅದಕ್ಕೆ ಕತ್ತರಿ ಹಾಕುವವರು ಹೊಗೆ ಉಳಿಸಿ ಕ್ರ್ಯಾಂಕ್ ಕಳೆದುಕೊಳ್ಳುತ್ತಾರೆ. ಇಳಿಜಾರಿನಲ್ಲಿ ಆಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವುದೂ ತಪ್ಪು: ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಇಲ್ಲ, ಆದ್ದರಿಂದ ಆಯಿಲ್ಲೂ ಇಲ್ಲ. ಆರ್‌ಎಕ್ಸ್‌ನಲ್ಲಿ ಆಯಿಲ್ಲಿಗೆಂದೇ ಬೇರೆ ಪಂಪ್ ಇದೆ. ಹಳೆ ಬುಲೆಟ್ಟಿನ ಬಿಗ್ ಎಂಡ್ ಗುಂಡಿನದಲ್ಲ, ತೇಲುವ ಬುಷ್. ಆಯಿಲ್ ಒತ್ತಡ ಇರುವ ತನಕ ರಾಜ, ನಿಂತ ಕ್ಷಣ ಭಿಕಾರಿ. ಹೆಡ್ಡಿಗೆ ಹೋಗುವ ಆಯಿಲ್ ಪೈಪಿನ ಬೋಲ್ಟನ್ನು ಐಡ್ಲಿಂಗಿನಲ್ಲಿ ಸ್ವಲ್ಪ ಸಡಿಲಿಸಿ ಆಯಿಲ್ ಬರುತ್ತಿದೆಯೇ ನೋಡುವ ಹಳೆಯ ರೂಢಿ ಒಳ್ಳೆಯದು. ಸಿಡಿ 100, ಸ್ಪ್ಲೆಂಡರ್‌ಗಳಲ್ಲಿ ಕ್ರ್ಯಾಂಕಿನ ತುದಿಗೇ ಕೂರಿಸಿದ ತಿರುಗುವ ಫಿಲ್ಟರ್ ಕೊಳೆಯನ್ನು ಹಿಡಿದಿಡುತ್ತದೆ. ಆಯಿಲ್ ಬದಲಾಯಿಸುವ ಕೈ ಅದನ್ನು ಬಿಚ್ಚಿ ತೊಳೆಯುವುದು ಅಪರೂಪ. ಆ ಗಾಡಿಗಳನ್ನು ಪೆಟ್ರೋಲ್ ತುಂಬಿಸಿ ಮರೆತುಬಿಡಿ ಎಂದು ಮಾರಿದರು, ಜನ ನಿಜವಾಗಿಯೂ ಮರೆತರು.

ಓಡಿದ್ದಕ್ಕಿಂತ ನಿಂತು ಕೆಟ್ಟವೂ ಬಹಳ. ಅಪ್ಪನ ಕಾಲದ ಎಜ್ಡಿ ಎಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ ಗಾಡಿಯ ಕ್ರ್ಯಾಂಕ್ ಕೇಸಿನಲ್ಲಿ ತೇವ ಸೇರಿ, ಆಯಿಲ್ ಪದರ ಇಳಿದುಹೋಗಿ, ಗುಂಡು ಕೂತ ಜಾಗದಲ್ಲೇ ತುಕ್ಕಿನ ಗುಳಿ ಬೀಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ತೇವ ಹೀರುವ ಗುಣದ್ದು, ನಿಂತ ಗಾಡಿಗೆ ಅದು ಇನ್ನಷ್ಟು ಕೆಟ್ಟದ್ದು. ಯಾರೂ ಗಮನಿಸದ ಇನ್ನೊಂದು ಕಾರಣ ವೆಲ್ಡಿಂಗ್. ಸ್ಟ್ಯಾಂಡ್ ಬೆಸುಗೆ ಹಾಕಿಸುವಾಗ ಅರ್ಥ್ ಕ್ಲ್ಯಾಂಪನ್ನು ಎಲ್ಲೋ ದೂರದ ಇಂಜಿನ್ ಫಿನ್ನಿಗೋ ಚಕ್ರಕ್ಕೋ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಗುಂಡು ಮುಟ್ಟಿದ ಕಡೆಯಲ್ಲೆಲ್ಲ ಸುಟ್ಟ ಚುಕ್ಕಿ ಬಿಡುತ್ತದೆ. ಬೆಸುಗೆಯ ಪಕ್ಕದಲ್ಲೇ ಅರ್ಥ್ ಕೊಡಿ ಎಂದು ಹೇಳಿ ನಿಂತರೆ ಸಾಕು.

ಕೊನೆಯ ಆರೋಪಿ ರಿಪೇರಿಯೇ. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಪೆಟ್ಟು ಗುಂಡುಗಳ ಮೂಲಕ ಹಾದು ರಿಂಗಿನಲ್ಲಿ ಸಾಲು ಗುಳಿ ಮೂಡಿಸುತ್ತದೆ. ಹೊಸ ಬೇರಿಂಗ್ ಹುಟ್ಟುವಾಗಲೇ ಸತ್ತಂತೆ. ಸರಿಯಾದ ಕ್ರಮ ಕೇಸನ್ನು ಕಾಯಿಸುವುದು. 62 ಮಿ.ಮೀ. ಹೊರ ಅಳತೆಯ 6305 ಕೂರುವ ಅಲ್ಯೂಮಿನಿಯಂ ಗೂಡು 80 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 0.11 ಮಿ.ಮೀ. ಹಿಗ್ಗುತ್ತದೆ. ಕೇಸಿನ ಮೇಲೆ ನೀರು ಚಿಮುಕಿಸಿದರೆ ಚುರ್ ಎನ್ನಬೇಕು, ಆಗ ಬೇರಿಂಗ್ ತಾನಾಗಿ ಗೂಡಿಗೆ ಇಳಿಯುತ್ತದೆ. ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಓಡುವಾಗಲೂ ಗೂಡು ಸಡಿಲಾಗುತ್ತದೆ. ಹಿಂದೆ ಬಡಿದು ಬಡಿದು ಗೂಡೇ ಸವೆದಿದ್ದರೆ ಹೊರ ರಿಂಗ್ ಒಳಗೇ ಸುತ್ತತೊಡಗುತ್ತದೆ. ಗೂಡಿನ ಒಳಮೈಗೆ ಪಂಚಿನಿಂದ ಚುಚ್ಚಿ ಬಿಗಿ ಮಾಡುವ ಉಪಾಯ ನಾಲ್ಕು ದಿನದ್ದು. ಲೇತಿನಲ್ಲಿ ಬುಷ್ ಹಾಕಿಸುವುದೇ ಖಾಯಂ.

ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಮೈಸೂರಿನ ಇಂಜಿನ್‌ಗಳು ಉಳಿದಿರುವುದಕ್ಕೆ ಒಂದು ಕಾರಣ ಬೇರಿಂಗಿನ ಅಳತೆ ಜಗತ್ತಿಗೆಲ್ಲ ಒಂದೇ ಆಗಿರುವುದು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಬೇರಿಂಗಿಗೆ ಬರವಿಲ್ಲ. 6305ರಲ್ಲಿ 6 ಅಂದರೆ ಒಂದು ಸಾಲಿನ ಬಾಲ್ ಬೇರಿಂಗ್, 3 ಅದರ ಭಾರದ ವರ್ಗ, ಕೊನೆಯ 05ನ್ನು 5ರಿಂದ ಗುಣಿಸಿದರೆ ಒಳರಂಧ್ರ 25 ಮಿ.ಮೀ. ಮೋಸ ಇರುವುದು ನಂಬರಿನ ಬಾಲದಲ್ಲಿ. ಕ್ರ್ಯಾಂಕಿಗೆ ಸಿ3 ಬೇಕು, ಅಂದರೆ ಒಳಗಿನ ಸಂದಿ ಮಾಮೂಲಿಗಿಂತ ಹೆಚ್ಚು: ಈ ಅಳತೆಗೆ 13ರಿಂದ 28 ಮೈಕ್ರಾನ್, ಮಾಮೂಲಿಯದರಲ್ಲಿ 5ರಿಂದ 20. ಬಿಗಿಯಾಗಿ ಕೂತು, ಬಿಸಿಗೆ ಹಿಗ್ಗಿದ ಮೇಲೂ ಗುಂಡಿಗೆ ಉಸಿರಾಡಲು ಜಾಗ ಬೇಕಲ್ಲ. ಪಂಪಿನ ಮೋಟಾರಿಗೆ ಇಟ್ಟ ಮಾಮೂಲಿ ಬೇರಿಂಗ್ ‘ಅದೇ ನಂಬರು ಕಣಣ್ಣ’ ಎಂದು ಹಾಕಿದರೆ ಕಾದು ಹಿಡಿದುಕೊಳ್ಳುತ್ತದೆ. ಹಾಗೆಯೇ ಎರಡೂ ಕಡೆ ರಬ್ಬರ್ ಮುಚ್ಚಿದ ಬೇರಿಂಗ್ ಟೂ ಸ್ಟ್ರೋಕ್ ಕ್ರ್ಯಾಂಕಿಗೆ ಸಲ್ಲದು. ಪೆಟ್ರೋಲ್ ಒಳಗಿನ ಗ್ರೀಸ್ ತೊಳೆಯುತ್ತದೆ, ರಬ್ಬರ್ ಆಯಿಲ್ಲನ್ನು ತಡೆಯುತ್ತದೆ. ಬೆಲೆಯಲ್ಲಿ ಜಿಪುಣತನವೂ ಬೇಡ. ಬೇರಿಂಗಿನ ಬೆಲೆಗಿಂತ ಇಂಜಿನ್ ಇಳಿಸಿ ಏರಿಸುವ ಕೂಲಿಯೇ ಹೆಚ್ಚು. ಒಂದು ಕಡೆಯದು ಹೋಗಿದ್ದರೂ ಎರಡೂ ಮೇನ್, ಎರಡೂ ಸೀಲ್ ಒಟ್ಟಿಗೆ ಬದಲಾಗಲಿ. ಕನೆಕ್ಟಿಂಗ್ ಕಿಟ್ ಮಾತ್ರ ಊರಿನ ಬೆಂಚಿನ ಮೇಲೆ ಹಾಕುವ ಕೆಲಸವಲ್ಲ. ಪಿನ್ ಒತ್ತಲು ಪ್ರೆಸ್ ಬೇಕು, ಒತ್ತಿದ ಮೇಲೆ ಎರಡು ಫ್ಲೈವೀಲ್‌ಗಳನ್ನು ಡಯಲ್ ಗೇಜಿಗೆ ಹಿಡಿದು, ತಾಮ್ರದ ಸುತ್ತಿಗೆಯಿಂದ ತಟ್ಟಿ, ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನೊಳಗೆ ತರುವ ಕೈ ಬೇಕು. ಅದಿರುವ ಲೇತ್ ದಾವಣಗೆರೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಬಸ್ಸಿನಲ್ಲಿ ಹಾಕಿ ಕಳಿಸುವುದೇ ಲಾಭ.

ಇಂಜಿನ್ ಬಿಚ್ಚಿದ ದಿನ ಗ್ಯಾರೇಜಿನಲ್ಲಿ ನೀವಿರಿ, ಹಳೆಯ ಬೇರಿಂಗನ್ನು ಕೇಳಿ ಈಸಿಕೊಳ್ಳಿ. ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಸುತ್ತಿಸದೆ, ಒಂದು ಹನಿ ಆಯಿಲ್ ಬಿಟ್ಟು ಬೆರಳಿನಲ್ಲಿ ನಿಧಾನ ತಿರುಗಿಸಿ ನೋಡಿ. ಗುಂಡು ಓಡುವ ದಾರಿಯುದ್ದಕ್ಕೂ ಮಂಕು ಬೂದು ಬಣ್ಣವಿದ್ದರೆ ಧೂಳು. ಏರ್ ಫಿಲ್ಟರ್ ಹಾಕಿಸಿ. ನೀಲಿ, ಕಂದು ಬಣ್ಣ ತಿರುಗಿದ್ದರೆ ಆಯಿಲ್ ಸಾಲದೆ ಕಾದದ್ದು. ಗುಂಡುಗಳ ಅಂತರಕ್ಕೇ ಸಾಲಾಗಿ ಗುಳಿಗಳಿದ್ದರೆ ಸುತ್ತಿಗೆ ಅಥವಾ ತುಕ್ಕು. ಹೊರಮೈ ಉಜ್ಜಿ ಹೊಳೆಯುತ್ತಿದ್ದರೆ ಗೂಡು ಸಡಿಲ. ಒಂದೇ ಪಕ್ಕದಲ್ಲಿ ಹೊಪ್ಪಳೆ ಎದ್ದಿದ್ದರೆ ಅದು ತನ್ನ ಕಾಲ ಮುಗಿಸಿದ ಬೇರಿಂಗ್, ಯಾರ ಮೇಲೂ ದೂರಿಲ್ಲ. ಉಳಿದ ಯಾವ ಗುರುತು ಕಂಡರೂ ಆ ಕಾರಣ ಸರಿಮಾಡಿಸದೆ ಹೊಸದನ್ನು ಹಾಕಿಸಬೇಡಿ.